ವಾರಂಟಿಯಲ್ಲಿರುವ ಲ್ಯಾಪ್‌ಟಾಪ್ ಕೆಟ್ಟರೆ ಏನು ಮಾಡಬೇಕು: ಬೀದರ್, ಕಲಬುರಗಿ, ಯಾದಗಿರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

2023ರ ಜುಲೈನಲ್ಲಿ ಮಗಳ ಇಂಜಿನಿಯರಿಂಗ್ ಓದಿಗೆಂದು ಹೈದರಾಬಾದಿಗೆ ಹೋಗಿ ಲ್ಯಾಪ್‌ಟಾಪ್ ತಂದೆವು. ಬೆಲೆ 58,500 ರೂಪಾಯಿ. ಬೀದರಿನವರಿಗೆ ಇದೇನು ಹೊಸದಲ್ಲ. ದೊಡ್ಡ ಸಾಮಾನು ಅಂದರೆ ಹೈದರಾಬಾದೇ. ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡುತ್ತೇವೆ.

ಎಂಟು ತಿಂಗಳು ಚೆನ್ನಾಗಿ ನಡೆಯಿತು. 2024ರ ಮಾರ್ಚ್‌ನಲ್ಲಿ ತಾನಾಗಿಯೇ ಆಫ್ ಆಗತೊಡಗಿತು. ಕಲಬುರಗಿಯ ಸರ್ವಿಸ್ ಸೆಂಟರಿಗೆ ಒಯ್ದು ಕೊಟ್ಟೆ. ಸಾಫ್ಟ್‌ವೇರ್ ಹಾಕಿ ವಾಪಸ್ ಕೊಟ್ಟರು. ಮೇ ತಿಂಗಳಲ್ಲಿ ಮತ್ತೆ ಅದೇ ತೊಂದರೆ. ಆಗ ಮದರ್‌ಬೋರ್ಡ್ ಬದಲಾಯಿಸಿದರು, 26 ದಿನ ಹಿಡಿಯಿತು. ಜುಲೈ ಎರಡನೇ ವಾರ ಮೂರನೇ ಸಲ ಕೆಟ್ಟಾಗ ಕೌಂಟರಿನ ಹುಡುಗ ಹೇಳಿದ್ದು ಎರಡೇ ಮಾತು. "ವಾರಂಟಿ ಮುಗದದ ಸರ್. ಮತ್ತ ಒಳಗ ನೀರ್ ಬಿದ್ದಂಗ ಕಾಣ್ತದರಿ."

ಮುಂದಿನ ಮೂರು ತಿಂಗಳು ನಾನು ಓದಿದ್ದು, ಕೇಳಿದ್ದು, ಓಡಾಡಿ ಕಲಿತದ್ದು ಎಲ್ಲ ಇಲ್ಲಿದೆ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಉಳಿಸಿದ್ದು ವಾದ ಅಲ್ಲ, ಮೇ ತಿಂಗಳಲ್ಲಿ ಕೈಗೆ ಬಂದಿದ್ದ ಒಂದು ಹಾಳೆ.

ಮೊದಲು ಬಿಲ್ಲು

"ಬಿಲ್ ಬೇಕಂದ್ರ 18 ಪರ್ಸೆಂಟ್ ಜಾಸ್ತಿ ಆಗ್ತದರಿ" ಎಂದು ಅಂಗಡಿಯವರು ಹೇಳುವುದನ್ನು ನೀವೂ ಕೇಳಿರಬಹುದು. ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್ ಇರುವುದು ನಿಜ. ಆದರೆ ಬಿಲ್ಲಿಲ್ಲದೆ ಕೊಂಡರೆ ಮುಂದೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಹಾಗಾಗಿ ಕೇಳಿ ಪಡೆಯಿರಿ. ಕೇಳುವುದಕ್ಕೆ ಸಂಕೋಚ ಬೇಡ.

ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್, ದಿನಾಂಕ, ಮಾಡೆಲ್, ಮುಖ್ಯವಾಗಿ ಸೀರಿಯಲ್ ನಂಬರ್ ಇರಬೇಕು. ಸೀರಿಯಲ್ ನಂಬರ್ ಲ್ಯಾಪ್‌ಟಾಪಿನ ಕೆಳಭಾಗದಲ್ಲಿ ಮತ್ತು ಡಬ್ಬಿಯ ಮೇಲೆ ಇರುತ್ತದೆ. ಮೂರೂ ಕಡೆ ಒಂದೇ ಇದೆಯಾ ಎಂದು ಅಂಗಡಿಯಲ್ಲೇ ನೋಡಿ. ಕೆಳಗಿನ ಸ್ಟಿಕ್ಕರ್ ಬಳಸುತ್ತಾ ಅಳಿಸಿಹೋಗಬಹುದು, ಆದ್ದರಿಂದ ಫೋಟೋ ತೆಗೆದಿಡಿ. ಡಬ್ಬಿಯನ್ನೂ ಬಿಸಾಡಬೇಡಿ. ತಯಾರಕರು ಅಥವಾ ಆಮದುದಾರರ ಹೆಸರು, ವಿಳಾಸ ಅದರ ಮೇಲೆ ಅಚ್ಚಾಗಿರುತ್ತದೆ. ಮುಂದೆ ನೋಟಿಸು ಕಳಿಸಲು ಆ ವಿಳಾಸವೇ ಬೇಕು.

ಮನೆಗೆ ಬಂದ ದಿನವೇ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಎಂದಿನಿಂದ ಎಂದಿನವರೆಗೆ ಎಂದು ನೋಡಿ. ಕೆಲವು ಸಲ ಮಾಲು ಕಾರ್ಖಾನೆಯಿಂದ ಹೊರಟ ದಿನವೇ ಅಲ್ಲಿ ದಾಖಲಾಗಿರುತ್ತದೆ. ನೀವು ಕೊಂಡದ್ದು ನಾಲ್ಕು ತಿಂಗಳ ನಂತರವಾದರೆ ಆ ನಾಲ್ಕು ತಿಂಗಳು ಸುಮ್ನೆ ಹೋಗುತ್ತದೆ. ಬಿಲ್ಲಿನ ಪ್ರತಿ ಕಳಿಸಿ ದಿನಾಂಕ ಸರಿಪಡಿಸಲು ಕೇಳಿ. ಹಾಗೆಯೇ ವಾರಂಟಿ ಕಾರ್ಡನ್ನು ಒಮ್ಮೆ ಪೂರ್ತಿ ಓದಿ. ಲ್ಯಾಪ್‌ಟಾಪಿಗೆ ಮೂರು ವರ್ಷ ಇದ್ದರೂ ಬ್ಯಾಟರಿಗೆ ಒಂದೇ ವರ್ಷ ಇರುವುದು ಸಾಮಾನ್ಯ. ಇಂಜಿನಿಯರ್ ಮನೆಗೆ ಬರುತ್ತಾರಾ, ನಾವೇ ಒಯ್ದು ಕೊಡಬೇಕಾ ಎಂಬುದೂ ಅದರಲ್ಲೇ ಇರುತ್ತದೆ. ಔರಾದ್ ಅಥವಾ ಸುರಪುರದಂಥ ಊರಿನಲ್ಲಿರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಸರ್ವಿಸ್ ಸೆಂಟರಿಗೆ ಹೋಗುವ ಮುಂಚೆ

ತೊಂದರೆ ಕಂಡಾಗಲೇ ವಿಡಿಯೋ ಮಾಡಿ. ಕೌಂಟರಿನಲ್ಲಿ ಅದು ಸರಿಯಾಗೇ ನಡೆಯುತ್ತದೆ, ಮನೆಗೆ ಬಂದ ಮೇಲೆ ಮತ್ತೆ ಕೈಕೊಡುತ್ತದೆ. ಅಪರೂಪಕ್ಕೆ ಬರುವ ತೊಂದರೆಗೆ ವಿಡಿಯೋ ಬಿಟ್ಟರೆ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಹಲವು ಕಂಪನಿಗಳ ಲ್ಯಾಪ್‌ಟಾಪಿನೊಳಗೇ ಪರೀಕ್ಷೆ ಮಾಡುವ ಸೌಲಭ್ಯ ಇದೆ. ಆನ್ ಮಾಡುವಾಗ ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಅದು ತೆರೆಯುತ್ತದೆ. ಮೆಮೊರಿ, ಡಿಸ್ಕ್, ಬ್ಯಾಟರಿ ಒಂದೊಂದಾಗಿ ಪರೀಕ್ಷಿಸಿ, ದೋಷ ಇದ್ದರೆ ಒಂದು ಕೋಡ್ ತೋರಿಸುತ್ತದೆ. ಆ ಪರದೆಯ ಫೋಟೋ ತೆಗೆಯಿರಿ. ಕಂಪನಿಯ ಸ್ವಂತ ಪರೀಕ್ಷೆಯೇ ದೋಷ ತೋರಿಸಿದರೆ ಅವರು ಅದನ್ನು ಅಲ್ಲಗಳೆಯುವುದು ಸುಲಭ ಅಲ್ಲ.

ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ವಾರಂಟಿ ಯಂತ್ರಕ್ಕೆ ಮಾತ್ರ, ನಿಮ್ಮ ಫೋಟೋ, ಪ್ರಾಜೆಕ್ಟ್ ರಿಪೋರ್ಟಿಗೆ ಅಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಬೀಗ ಚಾಲೂ ಇದ್ದರೆ, ಮದರ್‌ಬೋರ್ಡ್ ಬದಲಾದ ಮೇಲೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಒಳಗಿನದು ಸಿಗುವುದಿಲ್ಲ. ಬಹಳಷ್ಟು ಸಲ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ನೋಡಿ ಬರೆದಿಟ್ಟುಕೊಳ್ಳಿ.

ಗಲ್ಲಿಯ ರಿಪೇರಿ ಅಂಗಡಿಯಲ್ಲಿ "ಸುಮ್ನೆ ಒಮ್ಮೆ ತೆಗೆದು ನೋಡೋಣ" ಎಂದು ಬಿಚ್ಚಿಸಬೇಡಿ. ಅವರ ಕೈಗುಣ ಎಷ್ಟೇ ಒಳ್ಳೆಯದಿರಲಿ, ವಾರಂಟಿ ಇರುವಷ್ಟು ದಿನ ಬೇಡ.

ಕೌಂಟರಿನಲ್ಲಿ: ಜಾಬ್ ಶೀಟ್

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಜಾಬ್ ಶೀಟ್ ಎಂದರೆ ರಿಪೇರಿಗೆ ಕೊಟ್ಟಾಗ ಸರ್ವಿಸ್ ಸೆಂಟರಿನವರು ಬರೆದು ಕೊಡುವ ಹಾಳೆ.

ಮಾರ್ಚ್‌ನಲ್ಲಿ ನಾನು ಮೊದಲ ಸಲ ಹೋದಾಗ ಹುಡುಗ ಹೆಸರು, ಫೋನ್ ನಂಬರ್ ಬರೆದುಕೊಂಡು "ಆದಮ್ಯಾಲ ಫೋನ್ ಮಾಡ್ತೀನಿ ಅಣ್ಣಾ" ಅಂದ. ನಂಬಿ ಬಂದೆ. ಯಾವ ಕಾಗದವೂ ಇಲ್ಲ. ಮುಂದೆ ಲೆಕ್ಕ ಹಾಕುವಾಗ ಆ ಭೇಟಿ ನಡೆದದ್ದಕ್ಕೇ ಪುರಾವೆ ಇರಲಿಲ್ಲ. ಮೇ ತಿಂಗಳಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನನ್ನ ಅಳಿಯ ಜೊತೆಗೆ ಬಂದಿದ್ದ. "ಮಾಮಾ, ಜಾಬ್ ಶೀಟ್ ಕೈಗೆ ಬರೂತನ ಇಲ್ಲಿಂದ ಏಳಬ್ಯಾಡ್ರಿ" ಅಂದ. ಆ ಮಾತು ಎಷ್ಟು ದೊಡ್ಡದು ಎಂದು ಜುಲೈನಲ್ಲಿ ಗೊತ್ತಾಯಿತು.

ಜಾಬ್ ಶೀಟಿನಲ್ಲಿ ದಿನಾಂಕ, ಸೀರಿಯಲ್ ನಂಬರ್, ಕೇಸ್ ನಂಬರ್, ಜೊತೆಗೆ ಕೊಟ್ಟ ಚಾರ್ಜರ್, ಬ್ಯಾಗ್ ಎಲ್ಲ ಇರಬೇಕು. ತೊಂದರೆ ಏನೆಂದು ನಿಮ್ಮ ಮಾತಿನಲ್ಲೇ ಬರೆಸಿ. ಅವರು "ಪವರ್ ಸಮಸ್ಯೆ" ಎಂದು ಎರಡು ಪದ ಬರೆದು ಮುಗಿಸುತ್ತಾರೆ. ಅದು ಸಾಲದು. "ಚಾರ್ಜರ್ ಹಾಕಿದ್ದರೂ 15–20 ನಿಮಿಷಕ್ಕೆ ತಾನಾಗಿ ಆಫ್ ಆಗುತ್ತದೆ, ದಿನಕ್ಕೆ 3–4 ಸಲ" ಎಂದು ಬರೆಸಿ. ಇದೇ ತೊಂದರೆ ಮುಂಚೆಯೂ ಬಂದಿದ್ದರೆ ಹಿಂದಿನ ಕೇಸ್ ನಂಬರ್ ಕೂಡ ಬರೆಸಿ. ಇಲ್ಲದಿದ್ದರೆ ಪ್ರತಿ ಸಲವೂ ಅದು ಹೊಸ ದೂರು ಎನಿಸಿಕೊಳ್ಳುತ್ತದೆ.

ಹೊರಗಿನ ಸ್ಥಿತಿಯ ಕಾಲಂ ಖಾಲಿ ಬಿಡಲು ಬಿಡಬೇಡಿ. ಒಡಕು, ಗೀರು, ನೀರಿನ ಗುರುತು ಇಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು. ಅವರ ಮುಂದೆಯೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ನನ್ನ ಮೇ ತಿಂಗಳ ಹಾಳೆಯಲ್ಲಿ ಇಂಜಿನಿಯರ್ ಒಳಗೆ ಬಿಚ್ಚಿ ನೋಡಿದ ಮೇಲೆ, ನೀರಿನ ಗುರುತು ಇಲ್ಲ ಎಂದು ಬರೆದು ಸಹಿ ಹಾಕಿದ್ದರು. ಜುಲೈನ ಮಾತಿಗೆ ಅದೇ ಉತ್ತರವಾಯಿತು.

ವಾಪಸ್ ಪಡೆಯುವಾಗಲೂ ಅಷ್ಟೇ ಜಾಗ್ರತೆ ಬೇಕು. ಯಾವ ಭಾಗ ಬದಲಾಯಿತು ಎಂದು ಬರೆದ ಹಾಳೆ ಕೇಳಿ. ಬದಲಿಸಿದ ಭಾಗಕ್ಕೆ 90 ದಿನ ಅಥವಾ ಉಳಿದ ವಾರಂಟಿ, ಯಾವುದು ಜಾಸ್ತಿಯೋ ಅದು ಅನ್ವಯಿಸುತ್ತದೆ ಎಂಬ ಷರತ್ತು ಹಲವು ಕಂಪನಿಗಳ ಕಾರ್ಡಿನಲ್ಲಿ ಇರುತ್ತದೆ. ನಮ್ಮದರಲ್ಲೂ ಇತ್ತು. ಜೂನ್‌ನಲ್ಲಿ ವಾಪಸ್ ಬಂದ ಮದರ್‌ಬೋರ್ಡಿಗೆ ಜುಲೈನಲ್ಲಿ ವಾರಂಟಿ ಮುಗಿದಿರಲಿಲ್ಲ! "ತೊಂದರೆ ಪರಿಹಾರವಾಗಿದೆ" ಎಂಬಲ್ಲಿ ಸಹಿ ಮಾಡುವ ಮುಂಚೆ ಅಲ್ಲೇ ಕೂತು ಅರ್ಧ ತಾಸು ನಡೆಸಿ ನೋಡಿ. ನೋಡಲು ಬಿಡದಿದ್ದರೆ "ಪರೀಕ್ಷಿಸದೆ ಪಡೆದಿದ್ದೇನೆ" ಎಂದು ಬರೆದು ಸಹಿ ಹಾಕಿ.

ಅವರು ಹೇಳುವ ಕಾರಣಗಳು

ನೀರು ಬಿದ್ದಿದೆ ಎನ್ನುವುದು ಹೆಚ್ಚಾಗಿ ಕೇಳಿಬರುವ ಮಾತು. ನಿಜಕ್ಕೂ ಬಿದ್ದಿದ್ದರೆ ವಾರಂಟಿ ಸಿಗುವುದಿಲ್ಲ, ಅದಕ್ಕೆ ಬೇರೆಯದೇ ಅಪಘಾತ ರಕ್ಷಣೆಯ ಪ್ಯಾಕ್ ಕೊಂಡಿರಬೇಕು. ಬಿದ್ದಿಲ್ಲದಿದ್ದರೆ ಒಳಭಾಗದ ಫೋಟೋ ಕೇಳಿ. ಯಾವ ಜಾಗ, ಯಾವ ಭಾಗ ಎಂದು ತೋರಿಸಬೇಕು. ವರದಿ ಬರೆದು ಕೊಡಲು ಹೇಳಿ. ಬಾಯಿಮಾತಿನಲ್ಲಿ ಹೇಳಿದವರು ಬರೆಯಬೇಕಾದಾಗ ಹಿಂದೆ ಸರಿಯುವುದನ್ನು ನಾನೇ ನೋಡಿದ್ದೇನೆ. ನಮ್ಮ ಕಡೆಯವರಿಗೆ ಒಂದು ಮಾತು: ಬೇಸಿಗೆಯಲ್ಲಿ ನೀರಿನ ಕೂಲರ್ ಎದುರಿಗೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರಬೇಡಿ. ಆ ತೇವದ ಗಾಳಿ ಒಳಗಿನ ಭಾಗಗಳಿಗೆ ಒಳ್ಳೆಯದಲ್ಲ.

ಕರೆಂಟಿನ ಏರಿಳಿತದಿಂದ ಸುಟ್ಟಿದೆ ಎನ್ನುವುದು ಎರಡನೆಯದು. ನಿಮ್ಮ ಚಾರ್ಜರ್ ತಿರುಗಿಸಿ ನೋಡಿ. ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ಹಳ್ಳಿಯ ಕಡಿಮೆ ವೋಲ್ಟೇಜನ್ನು ಅದು ತಡೆದುಕೊಳ್ಳಬೇಕು. ಬರೀ "ನಿಮ್ಮೂರಾಗ ಕರೆಂಟ್ ಸರಿ ಇಲ್ರಿ" ಎಂದರೆ ಒಪ್ಪಬೇಡಿ. ಯಾವ ಭಾಗ ಸುಟ್ಟಿದೆ ಎಂದು ಕೇಳಿ.

ಮೂರನೆಯದು ಬಿಸಿ. ಹಲವು ಕಂಪನಿಗಳ ಕೈಪಿಡಿಯಲ್ಲಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಿ ಎಂದಿರುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂದರೆ ಹೊರಗೆ 40 ಡಿಗ್ರಿ ದಾಟುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಡದೆ ಗಟ್ಟಿ ಮೇಜಿನ ಮೇಲೆ ಬಳಸುತ್ತಿದ್ದೆವು ಎಂದು ನಿಮ್ಮ ದೂರಿನಲ್ಲೇ ಬರೆಯಿರಿ. ಬಿಸಿಯಿಂದಲೇ ಕೆಟ್ಟಿತು ಎಂದು ಹೇಳುವವರು ಅದನ್ನು ತೋರಿಸಿಕೊಡಲಿ.

ಅಂಗಡಿಯವರು ತೋರಿಸುವ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂಬ ಸಾಲಿಗೆ ಹೆದರಬೇಡಿ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದು ಕೂಡ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೊಂಡ ಮೊದಲ ತಿಂಗಳಲ್ಲೇ ಕೆಟ್ಟರೆ ಅಂಗಡಿಯನ್ನೇ ಹಿಡಿಯಿರಿ.

ಹಾಗೆಂದು ಮೊದಲ ಸಲ ಕೆಟ್ಟ ಕೂಡಲೇ ಹೊಸದೇ ಬೇಕು ಎಂದು ಪಟ್ಟು ಹಿಡಿದರೆ ಸಾಮಾನ್ಯವಾಗಿ ಸಿಗುವುದಿಲ್ಲ. ವಾರಂಟಿ ಮೊದಲು ಕೊಡುವುದು ರಿಪೇರಿಯನ್ನು. ಇಷ್ಟೇ ದಿನದಲ್ಲಿ ರಿಪೇರಿ ಮಾಡಬೇಕು ಎಂಬ ಅಂಕಿ ಕಾಯ್ದೆಯಲ್ಲಿ ಇಲ್ಲ. ಅದೇ ತೊಂದರೆ ಮರುಕಳಿಸಿದಾಗ, ವಾರಗಟ್ಟಲೆ ಪಾರ್ಟ್ ಬರದಿದ್ದಾಗ ನಿಮ್ಮ ಬೇಡಿಕೆಗೆ ಬಲ ಬರುತ್ತದೆ.

ಮೇಲ್, ಆಮೇಲೆ 1915

ಸರ್ವಿಸ್ ಸೆಂಟರ್ ಕೈಚೆಲ್ಲಿದರೆ ಕಂಪನಿಗೆ ನೇರ ಇ-ಮೇಲ್ ಮಾಡಿ. ಫೋನಿನಲ್ಲಿ ಎಷ್ಟು ಕೂಗಾಡಿದರೂ ಅದು ನಿಮ್ಮ ಹತ್ತಿರ ಉಳಿಯುವುದಿಲ್ಲ. ಮೇಲ್‌ನಲ್ಲಿ ಕೊಂಡ ದಿನ, ಪ್ರತಿ ರಿಪೇರಿಯ ದಿನ, ಎಷ್ಟು ದಿನ ಅವರ ಬಳಿ ಇತ್ತು, ಈಗ ನಿಮಗೆ ಬೇಕಾದ್ದು ಏನು, 15 ದಿನದ ಗಡುವು, ಇಷ್ಟು ಸಾಕು. ಬೈಗುಳ ಬೇಡ. ಈ ಮೇಲನ್ನು ನಾಳೆ ಇನ್ನೊಬ್ಬರು ಓದುತ್ತಾರೆ ಎಂದುಕೊಂಡೇ ಬರೆಯಿರಿ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಇದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ. ಅವರು ದೂರು ದಾಖಲಿಸಿ ಕಂಪನಿಗೆ ಕಳಿಸುತ್ತಾರೆ, ನಿಮಗೆ ಒಂದು ನಂಬರ್ ಕೊಡುತ್ತಾರೆ. ಇದು ಕೋರ್ಟಲ್ಲ, ಆದೇಶ ಮಾಡುವ ಅಧಿಕಾರ ಇಲ್ಲ. ಆದರೂ ಇದನ್ನು ಬಿಡಬೇಡಿ. ಸ್ಥಳೀಯ ಕೌಂಟರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮ್ಮ ದೂರು ಇಲ್ಲಿಂದಲೇ ಮೇಲಿನವರ ಕಣ್ಣಿಗೆ ಬಿತ್ತು.

ನೋಟಿಸು

ಗ್ರಾಹಕರ ದೂರು ಕೇಳುವ ಜಿಲ್ಲಾ ಆಯೋಗಕ್ಕೆ ಹೋಗುವ ಮುಂಚೆ ನೋಟಿಸು ಕೊಡುವುದು ಕಾಯ್ದೆಯಲ್ಲಿ ಕಡ್ಡಾಯ ಅಲ್ಲ, ವಕೀಲರೇ ಬರೆಯಬೇಕೆಂದೂ ಇಲ್ಲ. ಆದರೂ ಒಂದು ನೋಟಿಸು ಕಳಿಸುವುದು ಒಳ್ಳೆಯದು. ಅಂಗಡಿ, ಕಂಪನಿ, ಸರ್ವಿಸ್ ಸೆಂಟರ್ ಮೂವರಿಗೂ ಕಳಿಸಿ. 2025ರಲ್ಲಿ ಅಂಚೆ ಇಲಾಖೆಯ ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಹಾಗಾಗಿ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ.

ಜಿಲ್ಲಾ ಗ್ರಾಹಕ ಆಯೋಗ

ನಮ್ಮ ಗಡಿ ಜಿಲ್ಲೆಯವರಿಗೆ ತುಂಬ ಉಪಯೋಗದ ಮಾತು ಇಲ್ಲಿದೆ. ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಕೊಂಡ ಮಾಲಿಗೆ ಅಲ್ಲಿಗೇ ಹೋಗಿ ಕೇಸು ಹಾಕಬೇಕು ಎಂದುಕೊಂಡು ಎಷ್ಟೋ ಜನ ಕೈಬಿಡುತ್ತಾರೆ. ಹಳೆಯ 1986ರ ಕಾಯ್ದೆಯಲ್ಲಿ ನಿಮ್ಮ ಊರು ಎಂಬ ಒಂದೇ ಕಾರಣಕ್ಕೆ ಅಲ್ಲಿ ದೂರು ಕೊಡುವಂತಿರಲಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ 34ನೇ ಕಲಂ ಅದನ್ನು ಬದಲಿಸಿತು. ದೂರು ಕೊಡುವವರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೀದರಿನವರು ಬೀದರಿನಲ್ಲಿ, ಕಲಬುರಗಿಯವರು ಕಲಬುರಗಿಯಲ್ಲಿ. ಕಂಪನಿಯವರು ಬೇಕಾದರೆ ಬೆಂಗಳೂರಿನಿಂದ ಇಲ್ಲಿಗೆ ಬರಲಿ.

ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಅಂದರೆ ಲ್ಯಾಪ್‌ಟಾಪಿನ ದೂರಿಗೆ ಆಯೋಗದಲ್ಲಿ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಮೇಲ್, ಫೋನ್ ಎಂದು ಕಾಯುತ್ತಾ ಆ ಗಡುವು ದಾಟಬಾರದು. ಮೊದಲ ಸಲ ಕೆಟ್ಟ ದಿನದಿಂದಲೇ ಎಣಿಸಿಕೊಳ್ಳಿ.

ಅಂಗಡಿ ಇಟ್ಟುಕೊಂಡವರಿಗೆ ಒಂದು ಅನುಮಾನ ಇರುತ್ತದೆ. ಶಹಾಪುರದಲ್ಲಿ ಒಬ್ಬರು ಜೆರಾಕ್ಸ್, ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿಗೆ ಲ್ಯಾಪ್‌ಟಾಪ್ ಕೊಂಡಿದ್ದಾರೆ ಎನ್ನಿ. ಅದು ವ್ಯಾಪಾರದ ಬಳಕೆ ಅಲ್ವಾ? ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಒಪ್ಪುತ್ತದೆ. ದೂರಿನಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕು, ಅಷ್ಟೇ. ಮಾರುವುದಕ್ಕೆಂದು ಕೊಂಡವರಿಗೆ ಇದು ಸಿಗುವುದಿಲ್ಲ.

ದೂರನ್ನು ಕನ್ನಡದಲ್ಲೇ ಬರೆಯಬಹುದು. ಯಾರು, ಯಾರ ಮೇಲೆ, ಯಾವ ದಿನ ಏನಾಯಿತು, ಏನು ಬೇಕು, ಈ ಕ್ರಮ ಸಾಕು. ಬಿಲ್, ವಾರಂಟಿ ಕಾರ್ಡ್, ಎಲ್ಲ ಜಾಬ್ ಶೀಟ್, ಮೇಲ್, ವಾಟ್ಸಾಪ್ ಮಾತುಕತೆಯ ಪ್ರಿಂಟ್, ನೋಟಿಸಿನ ರಸೀದಿ, ಕೊನೆಗೆ ನಿಮ್ಮ ಅಫಿಡವಿಟ್. ಆನ್‌ಲೈನ್‌ನಲ್ಲಿ ಕೊಡುವುದಾದರೆ 2025ರ ಜನವರಿ 1ರಂದು ಶುರುವಾದ ಇ-ಜಾಗೃತಿ ಪೋರ್ಟಲ್ ಇದೆ.

ದೂರು ಬರೆಯುವಾಗ ಒಂದು ಸೂಕ್ಷ್ಮ ನೆನಪಿಡಿ. ಯಂತ್ರದ ದೋಷ ಒಂದು, ಸೇವೆಯ ಕೊರತೆ ಇನ್ನೊಂದು. ತಯಾರಿಕೆಯಲ್ಲೇ ದೋಷ ಇದೆ ಎಂದರೆ ಕಂಪನಿ ತಜ್ಞರ ವರದಿ ಎಲ್ಲಿ ಎಂದು ಕೇಳುತ್ತದೆ. ಪರೀಕ್ಷೆ ಬೇಕೆನಿಸಿದರೆ ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಆದರೆ ಸೇವೆಯ ಕೊರತೆಗೆ ತಜ್ಞರು ಬೇಕಿಲ್ಲ. 26 ದಿನ ಇಟ್ಟುಕೊಂಡದ್ದು, ಮತ್ತೆ ಕೆಟ್ಟದ್ದು, ಬದಲಿಸಿದ ಭಾಗದ ವಾರಂಟಿಯನ್ನು ಒಪ್ಪದೇ ಇದ್ದದ್ದು, ಇವೆಲ್ಲ ಜಾಬ್ ಶೀಟಿನಲ್ಲೇ ಇದೆ. ಆದ್ದರಿಂದ ಎರಡನ್ನೂ ಬರೆಯಿರಿ. ಒಂದನ್ನೇ ನಂಬಿಕೊಳ್ಳಬೇಡಿ.

ಕೇಳುವಾಗಲೂ ಹಾಗೆಯೇ. ದೋಷ ಸರಿಪಡಿಸಿ, ಆಗದಿದ್ದರೆ ಹೊಸದು ಕೊಡಿ, ಅದೂ ಆಗದಿದ್ದರೆ ಹಣ ವಾಪಸ್ ಮಾಡಿ ಎಂದು ಒಂದರ ಕೆಳಗೊಂದು ಕೇಳಿ. ಜೊತೆಗೆ ಪರಿಹಾರ, ಓಡಾಟದ ಖರ್ಚು. ಬಸ್ ಟಿಕೆಟ್ ಎಸೆಯದೆ ಇಟ್ಟರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ದೂರು ಒಪ್ಪಿದ ಮೇಲೆ ನೋಟಿಸು ಹೋಗುತ್ತದೆ. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಪರೀಕ್ಷೆ ಬೇಡದ ದೂರು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಹಿಡಿಯುವುದೂ ಉಂಟು, ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ರಾಜಿಗೆ ಅವಕಾಶ ಕಂಡರೆ ಆಯೋಗ ಮಧ್ಯಸ್ಥಿಕೆಗೆ ಕಳಿಸುತ್ತದೆ. ಒಳ್ಳೆಯ ಮಾತು ಬಂದರೆ ಒಪ್ಪುವುದರಲ್ಲಿ ತಪ್ಪಿಲ್ಲ.

ವಕೀಲರು ಬೇಕೇ ಬೇಕು ಎಂದಿಲ್ಲ, ನೀವೇ ನಿಂತು ಹೇಳಬಹುದು. ಧೈರ್ಯ ಸಾಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. ಬಿಲ್ ಹೆಣ್ಣುಮಕ್ಕಳ ಹೆಸರಿನಲ್ಲಿದ್ದು ಅವರೇ ದೂರು ಕೊಡುವುದಾದರೆ ಇದನ್ನು ಮರೆಯಬೇಡಿ.

ಆದೇಶ ಬಂದ ಮೇಲೆ

ಎದುರಿನವರು ಮೇಲ್ಮನವಿ ಹೋಗಲು 45 ದಿನ ಇದೆ. ಹಣ ಕೊಡಲು ಆದೇಶ ಆಗಿದ್ದರೆ ಅದರ ಅರ್ಧ ಕಟ್ಟಿಯೇ ಹೋಗಬೇಕು. ಮೇಲ್ಮನವಿಯೂ ಇಲ್ಲ, ಆದೇಶವನ್ನೂ ಪಾಲಿಸಲಿಲ್ಲ ಎಂದರೆ ಅದೇ ಆಯೋಗಕ್ಕೆ ಮತ್ತೆ ಅರ್ಜಿ ಹಾಕಿ. 72ನೇ ಕಲಂ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲ. ಮೇ ತಿಂಗಳ ಜಾಬ್ ಶೀಟ್, ವಾರಂಟಿ ಕಾರ್ಡಿನ 90 ದಿನದ ಸಾಲು, 1915ರ ದೂರಿನ ನಂಬರ್, ಮೂರನ್ನೂ ಜೋಡಿಸಿ ನೋಟಿಸು ಕಳಿಸಿದ ಮೇಲೆ ಕಂಪನಿಯಿಂದ ಫೋನ್ ಬಂತು. ಅಕ್ಟೋಬರ್‌ನಲ್ಲಿ ಬೇರೆ ಲ್ಯಾಪ್‌ಟಾಪ್ ಕೊಟ್ಟರು. ಹಾಗೆ ಬದಲಿ ಸಿಕ್ಕಾಗ ಹೊಸ ಸೀರಿಯಲ್ ನಂಬರ್, ವಾರಂಟಿ ಎಂದಿನವರೆಗೆ ಎಂಬುದು ಕಾಗದದಲ್ಲಿ ಇರಲೇಬೇಕು, ಯಾಕೆಂದರೆ ನಿಮ್ಮ ಬಿಲ್ಲಿನಲ್ಲಿ ಇನ್ನೂ ಹಳೆಯ ನಂಬರೇ ಇರುತ್ತದೆ. ನಾನು ಅದನ್ನು ಕೇಳುವ ಮುಂಚೆಯೇ ಮಗಳು ಡಬ್ಬಿ ತಿರುಗಿಸಿ ನಂಬರಿನ ಫೋಟೋ ತೆಗೆದು, "ಅಕ್ಕಾ, ಇದೇ ನಂಬರ್ ಬರದು ಒಂದು ಸಹಿ ಹಾಕಿ ಕೊಡ್ರಿ" ಎಂದು ಕೌಂಟರಿನವರಿಗೆ ಹಾಳೆ ಚಾಚಿದ್ದಳು.